ಗುಂಡಿಯಲ್ಲಿ ‘ಟಕ್ ಟಕ್’, ಹೈವೇಯಲ್ಲಿ ಗಪ್‌ಚುಪ್: ಇಡೀ ಸಸ್ಪೆನ್ಶನ್ ಬದಲಿಸಲೇಬೇಕಾ?

ಪ್ರಶ್ನೆ: ನಾವು ಧಾರವಾಡದವರು, ಈಗ ಪುಣೆಯ ವಾಕಡದಲ್ಲಿದ್ದೇವೆ. ನಮ್ಮದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 74,000 ಕಿ.ಮೀ. ಓಡಿದೆ. ದಿನಾ ಹಿಂಜವಡಿಗೆ ಆಫೀಸಿಗೆ ನಾನೇ ಓಡಿಸುತ್ತೇನೆ. ಈ ಮಳೆಗಾಲದಿಂದ ಮುಂದಿನ ಎಡ ಚಕ್ರದ ಹತ್ತಿರ ‘ಟಕ್ ಟಕ್’ ಅಂತ ಶಬ್ದ. ಸಣ್ಣ ಗುಂಡಿ, ಪೇವರ್ ಬ್ಲಾಕ್ ಮೇಲೆ ನಿಧಾನಕ್ಕೆ ಹೋಗುವಾಗ ಜಾಸ್ತಿ. ಹೈವೇಯಲ್ಲಿ ಏನೂ ಇಲ್ಲ. ಗಾಡಿ ಸ್ವಲ್ಪ ಎಡಕ್ಕೂ ಎಳೆಯುತ್ತದೆ. ಐದು ಜನ ಕೂತು ಸೊಸೈಟಿ ಗೇಟಿನ ಬ್ರೇಕರ್ ದಾಟಿದರೆ ಹಿಂದೆ ‘ದಬ್’ ಅನ್ನುತ್ತದೆ. ಸರ್ವೀಸ್ ಸೆಂಟರ್‌ನವರು ಇಡೀ ಸಸ್ಪೆನ್ಶನ್ (ಚಕ್ರದ ಕುಲುಕಾಟ ತಡೆಯುವ ಸ್ಪ್ರಿಂಗ್, ಶಾಕಪ್, ಅವುಗಳ ಜೋಡಣೆ) ಹೋಗಿದೆ ಅಂತ 38,000 ರೂಪಾಯಿ ಎಸ್ಟಿಮೇಟ್ ಕೊಟ್ಟರು. ಮನೆ ಹತ್ತಿರದ ಗ್ಯಾರೇಜಿನವರು ಶಾಕಪ್‌ಗೆ (ಶಾಕ್ ಅಬ್ಸಾರ್ಬರ್) ಆಯಿಲ್ ತುಂಬಿಸಿ, ಸ್ಪ್ರಿಂಗ್‌ಗೆ ರಬ್ಬರ್ ಹಾಕಿದರೆ 4,000ದಲ್ಲಿ ಮುಗಿಯುತ್ತೆ ಅನ್ನುತ್ತಾರೆ. ನಮ್ಮ ಮಾವನವರು ‘ಪುಣೆ ರಸ್ತೆಗೆ ಇದೆಲ್ಲಾ ಇದ್ದದ್ದೇ, ಸುಮ್ನಿರು’ ಅಂತಾರೆ. ದೀಪಾವಳಿಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಬೇಕು. ಈ ಗಾಡಿಯಲ್ಲಿ ಹೋಗಬಹುದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. 38,000 ಹೇಳಿದವರಾಗಲಿ, 4,000 ಹೇಳಿದವರಾಗಲಿ, ಗಾಡಿಯ ಕೆಳಗೆ ಹೋಗಿ ಏನು ನೋಡಿದರು ಅನ್ನೋದು ಅದರಲ್ಲಿ ಎಲ್ಲೂ ಇಲ್ಲ. ನೀವು ಕೇಳಬೇಕಾದ ಮೊದಲನೇ ಪ್ರಶ್ನೆ ಅದೇ. ಯಾವ ಪಾರ್ಟು ಹೋಗಿದೆ, ನನಗೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿ ಅನ್ನಿ. ತೋರಿಸೋಕೆ ಆಗದಿದ್ದರೆ ಅವರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ಸರ್ವೀಸ್ ಸೆಂಟರ್‌ನವರು ಮೋಸವನ್ನೇ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಒಂದು ‘ಟಕ್’ ಶಬ್ದ ಎಲ್ಲಿಂದ ಅಂತ ಹುಡುಕೋಕೆ ಅರ್ಧ ದಿನವೂ ಹಿಡಿಯಬಹುದು. ಹುಡುಕಾಟಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಎಲ್ಲಾ ಪಾರ್ಟು ಬದಲಿಸಿಬಿಟ್ಟರೆ ಶಬ್ದ ಹೇಗೂ ಹೋಗುತ್ತದೆ, ಗಿರಾಕಿ ಮತ್ತೆ ಕಂಪ್ಲೇಂಟ್ ತರುವುದಿಲ್ಲ. ಅವರ ಲೆಕ್ಕಕ್ಕೆ ಅದು ಸರಿ. ನಿಮ್ಮ ಜೇಬಿಗೆ ಅಲ್ಲ.

ನೀವು ಒಟ್ಟಿಗೆ ಹೇಳಿರುವುದು ಮೂರು ಬೇರೆ ಬೇರೆ ದೂರು. ಮುಂದೆ ‘ಟಕ್ ಟಕ್’. ಎಡಕ್ಕೆ ಎಳೆತ. ಹಿಂದೆ ‘ದಬ್’. ಮೂರಕ್ಕೂ ಒಂದೇ ಕಾರಣ ಇರುವ ಸಾಧ್ಯತೆ ಕಡಿಮೆ. ಒಂದೊಂದಾಗಿ ನೋಡೋಣ.

ಮೊದಲು ‘ಟಕ್ ಟಕ್’. ಸಸ್ಪೆನ್ಶನ್ ವಿಷಯದಲ್ಲಿ ಶಬ್ದ ಎಷ್ಟು ಜೋರು ಅನ್ನೋದಕ್ಕಿಂತ ಯಾವಾಗ ಬರುತ್ತದೆ ಅನ್ನೋದು ಮುಖ್ಯ. ಡಬ್ಬ ಅಲ್ಲಾಡಿಸಿದಷ್ಟು ಗಲಾಟೆ ಮಾಡುವ ಪಾರ್ಟಿನಿಂದ ಎಷ್ಟೋ ಸಲ ಯಾವ ಅಪಾಯವೂ ಇರುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಕೆಲವು ಸಲ ಸದ್ದೇ ಮಾಡುವುದಿಲ್ಲ.

ನೀವು ಬರೆದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಗಾಡಿ ತಿರುವಿನಲ್ಲಿ ಒಂದೇ ಕಡೆಗೆ ವಾಲದಿರಲಿ ಅಂತ ಮುಂದೆ ಎಡ ಬಲ ಸೇರಿಸಿ ಒಂದು ಸ್ಟೆಬಿಲೈಸರ್ ಬಾರ್ ಇರುತ್ತದೆ. ಅದರ ಎರಡೂ ತುದಿಯನ್ನು ಶಾಕಪ್‌ಗೆ ಜೋಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್. ಅದರ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ಬಾಲ್ ಜಾಯಿಂಟ್, ಅಂದರೆ ಗುಂಡು ಕೀಲು. ಮೇಲೆ ರಬ್ಬರ್ ಟೋಪಿ. ಮಳೆಗಾಲದಲ್ಲಿ ಆ ಟೋಪಿ ಹರಿದರೆ ನೀರು, ಮಣ್ಣು ಒಳಗೆ ಹೋಗಿ ಗ್ರೀಸ್ ತೊಳೆದುಹೋಗುತ್ತದೆ. ಜಾಯಿಂಟ್ ಸವೆದು ಒಳಗೆ ಕೂದಲೆಳೆಯಷ್ಟು ಜಾಗ ಆದರೂ ಸಾಕು. ಎಡ ಚಕ್ರ ಇಳಿದು ಬಲ ಚಕ್ರ ಏರುವಾಗ ಬಾರ್ ತಿರುಚಿಕೊಳ್ಳುತ್ತದೆ, ಜಾಯಿಂಟ್ ಟಕ್ ಅನ್ನುತ್ತದೆ. ಹೈವೇಯಲ್ಲಿ ಎರಡೂ ಚಕ್ರ ಒಟ್ಟಿಗೆ ಏರಿಳಿಯುತ್ತವೆ, ಬಾರ್‌ಗೆ ಕೆಲಸವಿಲ್ಲ, ಹಾಗಾಗಿ ಶಬ್ದವೂ ಇಲ್ಲ. ಭೂಮ್ಕರ್ ಚೌಕದ ಟ್ರಾಫಿಕ್‌ನಲ್ಲಿ ಹತ್ತು ಹದಿನೈದರ ಸ್ಪೀಡಿನಲ್ಲಿ ಕೇಳಿಸೋದು ನವಲೆ ಬ್ರಿಜ್ ದಾಟಿ ಎಂಬತ್ತಕ್ಕೆ ಬಂದ ಕೂಡಲೇ ಮಾಯ ಆಗೋದು ಇದಕ್ಕೇ.

ಆದರೆ ಅನುಮಾನದ ಮೇಲೆ ಪಾರ್ಟು ಕೊಳ್ಳಬೇಡಿ. ಮೊದಲು ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಶಬ್ದ ಬರುವ ಅದೇ ಪೇವರ್ ಬ್ಲಾಕ್ ಮೇಲೆ, ಹಿಂದೆ ಯಾರೂ ಇಲ್ಲದಾಗ, ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ನಿಧಾನಕ್ಕೆ ಹೋಗಿ. ಶಬ್ದ ನಿಂತುಹೋದರೆ ಅದು ಬಹುತೇಕ ಸಸ್ಪೆನ್ಶನ್ ಅಲ್ಲ. ಬ್ರೇಕ್ ಪ್ಯಾಡ್ ಅಥವಾ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಪಿನ್ ಸಡಿಲವಾಗಿ ಅಲ್ಲಾಡುತ್ತಿದೆ. ಪ್ಯಾಡ್ ಒತ್ತಿದಾಗ ಬಿಗಿಯಾಗುತ್ತದೆ, ಸದ್ದು ಅಡಗುತ್ತದೆ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಎರಡೂ ಶಾಕಪ್ ಬದಲಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹಾಗೇ ಬ್ಯಾಟರಿಯ ಕ್ಲ್ಯಾಂಪ್, ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್, ಇಂಜಿನ್ ಕೆಳಗಿನ ಕವರ್, ಇವನ್ನೂ ಕೈಯಿಂದ ಅಲ್ಲಾಡಿಸಿ ನೋಡಿ.

ಲಿಂಕ್ ರಾಡ್ ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳುವುದು ಗ್ಯಾರೇಜಿನ ಕೆಲಸ. ಎಡವಟ್ಟಾಗುವುದು ಇಲ್ಲಿಯೇ. ಒಂದೇ ಕಡೆ ಜ್ಯಾಕ್ ಹಾಕಿ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಎಳೆದು ಹಿಡಿದಿರುತ್ತದೆ. ಆಗ ಸವೆದ ಜಾಯಿಂಟ್ ಕೂಡ ಗಟ್ಟಿಯಾಗೇ ಇರುವ ಹಾಗೆ ತೋರುತ್ತದೆ. ಮೆಕ್ಯಾನಿಕ್ ‘ಲಿಂಕ್ ರಾಡ್ ಏಕ್‌ದಮ್ ಓಕೆ’ ಅನ್ನುತ್ತಾನೆ, ಪಾಪ, ಸುಳ್ಳು ಹೇಳುತ್ತಿಲ್ಲ. ಮುಂದಿನ ಎರಡೂ ಚಕ್ರ ಒಟ್ಟಿಗೆ ನೇತಾಡುವ ಹಾಗೆ ಎತ್ತಿ, ರಾಡನ್ನು ಜಾಯಿಂಟಿನ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಬೇಕು. ಆಟ, ಅಂದರೆ ಸಡಿಲ, ಇದ್ದರೆ ಬೆರಳಿಗೇ ಗೊತ್ತಾಗುತ್ತದೆ. ಅದಕ್ಕಿಂತ ನಂಬಿಕಸ್ಥ ದಾರಿ ಇನ್ನೊಂದಿದೆ. ಎರಡೂ ಲಿಂಕ್ ರಾಡ್ ಬಿಚ್ಚಿ, ಬಾರ್ ಎಲ್ಲಿಗೂ ತಾಗದ ಹಾಗೆ ಕಟ್ಟಿ, ಗ್ಯಾರೇಜಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಹೊಡೆಯುವುದು. ಶಬ್ದ ಹೋಯಿತಾ, ಕಳ್ಳ ಸಿಕ್ಕ. ಹಾಗೆ ಬಿಚ್ಚಿದ ಗಾಡಿ ತಿರುವಿನಲ್ಲಿ ವಾಲುತ್ತದೆ, ಅದರಲ್ಲಿ ಮನೆಗೆ ಹೊರಡಬೇಡಿ.

ಲಿಂಕ್ ರಾಡ್ ಅಲ್ಲ ಅಂತಾದರೆ ಮುಂದಿನ ಅನುಮಾನ ಲೋವರ್ ಆರ್ಮ್ ಬುಶ್. ಚಕ್ರದ ಕೆಳಭಾಗವನ್ನು ಗಾಡಿಯ ಬಾಡಿಗೆ ಜೋಡಿಸುವ ತೋಳೇ ಲೋವರ್ ಆರ್ಮ್, ಅದು ಬಾಡಿಗೆ ಸೇರುವಲ್ಲಿ ಈ ರಬ್ಬರ್ ಬುಶ್ ಇರುತ್ತದೆ. ಅದರ ಗುರುತು ಬೇರೆ. ಪಾರ್ಕಿಂಗ್‌ನಲ್ಲಿ ಮುಂದಕ್ಕೆ ಸ್ವಲ್ಪ ಹೋಗಿ ಬ್ರೇಕ್, ರಿವರ್ಸ್ ಬಂದು ಬ್ರೇಕ್. ದಿಕ್ಕು ಬದಲಾದಾಗಲೆಲ್ಲ ಒಂದೊಂದೇ ‘ಟಕ್’ ಬಂದರೆ ಬುಶ್ ಹರಿದಿರಬಹುದು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮೀಟಿದ ಹಾಗೆ ಸದ್ದು ಬಂದರೆ ಶಾಕಪ್ ತಲೆಯ ಮೇಲಿನ ಮೌಂಟಿಂಗ್ ಮತ್ತು ಅದರ ಬೇರಿಂಗ್. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ‘ಕಟ ಕಟ’ ಅಂದರೆ ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟ್, ಅದು ಸಸ್ಪೆನ್ಶನ್ ಲೆಕ್ಕಕ್ಕೇ ಬರುವುದಿಲ್ಲ. ಸ್ಪೀಡ್ ಏರಿದ ಹಾಗೆ ‘ಗುಂಯ್’ ಅನ್ನೋದು ಏರಿದರೆ ವೀಲ್ ಬೇರಿಂಗ್ ಅಥವಾ ಟೈರ್ ಸವೆತ.

ಇನ್ನು ನಾನು ಹೆದರಬೇಕು ಅಂದದ್ದು ಲೋವರ್ ಆರ್ಮಿನ ಬಾಲ್ ಜಾಯಿಂಟ್. ಚಕ್ರದ ಕೆಳಭಾಗವನ್ನು ಹಿಡಿದಿಟ್ಟಿರುವುದು ಅದೊಂದೇ. ಅದು ಕಳಚಿದರೆ ಚಕ್ರ ಹೊರಕ್ಕೆ ಮಲಗಿಬಿಡುತ್ತದೆ, ಆಮೇಲೆ ಸ್ಟಿಯರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಪರೀಕ್ಷೆ ಕಷ್ಟದ್ದಲ್ಲ. ಚಕ್ರ ಎತ್ತಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಒಳಕ್ಕೂ ಹೊರಕ್ಕೂ ಅಲ್ಲಾಡಿಸಬೇಕು. ಆಟ ಸಿಕ್ಕರೆ ಬಾಲ್ ಜಾಯಿಂಟ್ ಇರಬಹುದು, ವೀಲ್ ಬೇರಿಂಗ್ ಕೂಡ ಇರಬಹುದು. ಯಾವುದು ಅಂತ ತಿಳಿಯೋಕೆ ಇನ್ನೊಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗ್. ನಿಲ್ಲದೆ ಹಾಗೇ ಇದ್ದರೆ ಬಾಲ್ ಜಾಯಿಂಟ್. ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಸಿಕ್ಕರೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ನೋಡಬೇಕು. ಇದನ್ನೆಲ್ಲ ಪಕ್ಕದಲ್ಲಿ ನಿಂತು ನೋಡಿ. ‘ಸಾಹೇಬರನ್ನ ಕಳಿಸಿ ಮೇಡಂ’ ಅನ್ನುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ದಿನಾ ಓಡಿಸುವವರು ನೀವು, ಶಬ್ದ ಕೇಳಿದವರೂ ನೀವು. ಟ್ರಯಲ್‌ಗೆ ನೀವೇ ಸ್ಟಿಯರಿಂಗ್ ಹಿಡಿದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪೇವರ್ ಬ್ಲಾಕಿಗೇ ಹೋಗಿ.

ಈಗ ಎಡಕ್ಕೆ ಎಳೆತ. ನಮ್ಮ ರಸ್ತೆಗಳು ನೀರು ಹರಿದುಹೋಗಲಿ ಅಂತ ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ. ನಾವು ಎಡಗಡೆ ಓಡಿಸುವವರು. ಸ್ಟಿಯರಿಂಗ್ ಬಿಟ್ಟರೆ ಯಾವ ಗಾಡಿಯೂ ಸ್ವಲ್ಪ ಎಡಕ್ಕೆ ಹೋಗುತ್ತದೆ. ಅದು ದೋಷವಲ್ಲ. ನಿಮ್ಮದು ಅದಕ್ಕಿಂತ ಜಾಸ್ತಿ ಅನ್ನಿಸಿದರೆ ಮೊದಲು ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಸಾಮಾನ್ಯವಾಗಿ ಸ್ಟಿಕರ್ ಇರುತ್ತದೆ, ಅದರಲ್ಲಿರುವ ಅಂಕಿಯೇ ಸರಿ. ಗಾಳಿ ಸರಿ ಇದ್ದರೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿಸಿ (ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಇದು ಬೇಡ). ಎಳೆತ ಬಲಕ್ಕೆ ಬಂತಾ, ದೋಷ ಟೈರಿನದು. ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಹೊಂದಿಸುವುದಕ್ಕೆ) ಕೊಟ್ಟ ದುಡ್ಡು ದಂಡ. ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ಎರಡೂ ಚಕ್ರದ ರಿಮ್ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಎಡಗಡೆಯದು ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಇದೆಲ್ಲ ಸರಿ ಇದ್ದರೆ ಆಗ ಅಲೈನ್‌ಮೆಂಟ್. ಆದರೆ ಸವೆದ ಬುಶ್, ಬಾಲ್ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮಷಿನ್ ಮೇಲೆ ಹಸಿರು ಬರುತ್ತದೆ, ರಸ್ತೆಗಿಳಿದ ಕೂಡಲೇ ಹಳೇ ಕಥೆ. ಪಾರ್ಟಿನ ಕೆಲಸ ಮೊದಲು, ಅಲೈನ್‌ಮೆಂಟ್ ಕೊನೆಗೆ. ಇನ್ನೊಂದು ಮಾತು. ನಿಮ್ಮಂಥ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೊಂದಿಸಲು ಬರುವುದು ಮುಂದಿನ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ. ಕ್ಯಾಂಬರ್‌ಗೆ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬೋಲ್ಟ್‌ನಲ್ಲಿ ಅಂಥ ಅವಕಾಶವೇ ಇರುವುದಿಲ್ಲ. ‘ಕ್ಯಾಂಬರ್ ಔಟ್ ಆಗಿದೆ, ಸೆಟ್ ಮಾಡಿಕೊಡ್ತೀವಿ’ ಅಂತ ಕೆಲವರು ಹೈಡ್ರಾಲಿಕ್ ಜ್ಯಾಕ್ ಒತ್ತಿ ಶಾಕಪ್ಪನ್ನೇ ಬಗ್ಗಿಸುತ್ತಾರೆ. ಅಂಕಿ ಸರಿಹೋಗುತ್ತದೆ. ಶಾಕಪ್‌ನ ರಾಡ್ ವಾರೆಯಾಗಿ ಕೆಲವೇ ತಿಂಗಳಲ್ಲಿ ಸೀಲ್ ಸೋರುವ ಸಂಭವ ಇದೆ. ಕ್ಯಾಂಬರ್ ತಪ್ಪಿದೆ ಅಂದರೆ ಏನೋ ಬಗ್ಗಿದೆ ಅಥವಾ ಸವೆದಿದೆ. ಅದನ್ನು ಹುಡುಕಿ ಬದಲಿಸಬೇಕು. ಈ ಬಗ್ಗಿಸುವ ಕೆಲಸಕ್ಕೆ ಮಾತ್ರ ಖಂಡಿತ ಒಪ್ಪಬೇಡಿ.

ಮೂರನೆಯದು ಹಿಂದಿನ ‘ದಬ್’. ಇದರಲ್ಲಿ ಅರ್ಧ ತಪ್ಪು ನಿಮ್ಮ ಸೊಸೈಟಿಯದೂ ಇರಬಹುದು. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಸ್ಪೀಡ್ ಬ್ರೇಕರ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಗಂಟೆಗೆ 25 ಕಿ.ಮೀ.ಯಲ್ಲಿ ಆರಾಮಾಗಿ ದಾಟುವಂಥದ್ದು. ಸೊಸೈಟಿ ಗೇಟಿನಲ್ಲಿ ಗುತ್ತಿಗೆದಾರ ಒಂದು ಬುಟ್ಟಿ ಕಾಂಕ್ರೀಟ್ ಸುರಿದು ಮಾಡಿದ ದಿಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ. ಸರಿ, ಅದು ಮೀಟಿಂಗ್‌ನಲ್ಲಿ ಜಗಳ ಮಾಡುವ ವಿಷಯ.

ಗಾಡಿಯ ಕಡೆ ಬಂದರೆ, ಐದು ಜನ ಕೂತಾಗ ಸ್ಪ್ರಿಂಗ್ ಕುಗ್ಗಿ ಕೊನೆ ಮುಟ್ಟುವ ಹೊತ್ತಿಗೆ ಪೆಟ್ಟು ತಡೆಯಲು ಒಂದು ರಬ್ಬರ್ ಅಥವಾ ಫೋಮ್ ತುಂಡು ಇರುತ್ತದೆ. ಬಂಪ್ ಸ್ಟಾಪರ್ ಅಂತಾರೆ. ಏಳೆಂಟು ವರ್ಷಕ್ಕೆ ಅದು ಪುಡಿಯಾಗಿ ಉದುರಿಹೋಗುವುದು ಸಾಮಾನ್ಯ. ಎಸ್ಟಿಮೇಟಿನಲ್ಲಿ ಇದರ ಹೆಸರು ಇದೆಯಾ ನೋಡಿ. ಎಷ್ಟೋ ಸಲ ಇರುವುದಿಲ್ಲ, ಯಾಕಂದರೆ ಇದು ಬಹಳ ಅಗ್ಗದ ಪಾರ್ಟು. ಜೊತೆಗೆ ಹಿಂದಿನ ಶಾಕಪ್ ಸೋತಿದ್ದರೆ ಸ್ಪ್ರಿಂಗ್ ಬೇಗ ಬೇಗ ಕೊನೆ ಮುಟ್ಟುತ್ತದೆ.

ಶಾಕಪ್ ಹೋಗಿದೆಯಾ ಅಂತ ನೋಡುವುದು ಹೇಗೆ? ಬಾನೆಟ್ ಒತ್ತಿ ಬಿಟ್ಟು ಕುಣಿತ ಎಣಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಮೂರು ಸಲ ಕುಣಿದರೆ ಶಾಕಪ್ ಸತ್ತಿದೆ, ಅದು ನಿಜ. ಕುಣಿಯಲಿಲ್ಲ ಅಂದಮಾತ್ರಕ್ಕೆ ಚೆನ್ನಾಗಿದೆ ಅಂತ ಹೇಳಲಾಗದು. ಅರ್ಧ ಸೋತ ಶಾಕಪ್ ಕೈ ಒತ್ತಡಕ್ಕೆ ಸಿಕ್ಕಿಬೀಳುವುದಿಲ್ಲ. ಹಾಗಾಗಿ ನಾನು ಟೈರ್ ನೋಡುತ್ತೇನೆ. ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ತಗ್ಗು, ದಿಣ್ಣೆ ಸಿಕ್ಕರೆ ಚಕ್ರ ರಸ್ತೆ ಬಿಟ್ಟು ಕುಣಿಯುತ್ತಿದೆ ಅಂತ ಅನುಮಾನ ಪಡಬೇಕು. ಅಂಥ ಗಾಡಿಗೆ ಕೆಟ್ಟ ರಸ್ತೆಯಲ್ಲಿ ಬ್ರೇಕ್ ಹೊಡೆದರೆ ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ. ಇನ್ನು ಆಯಿಲ್. ಶಾಕಪ್ ಮೇಲ್ಭಾಗದಲ್ಲಿ ತೆಳ್ಳಗೆ ಜಿಡ್ಡು, ಅದರ ಮೇಲೆ ಧೂಳು ಇದ್ದರೆ ಗಾಬರಿ ಬೇಡ. ಒದ್ದೆ ಒದ್ದೆಯಾಗಿ ಕೆಳಗಿನವರೆಗೆ ಇಳಿದಿದ್ದರೆ ಸೀಲ್ ಹೋಗಿದೆ. ಕಿಲೋಮೀಟರ್ ನೋಡಿಯೇ ಶಾಕಪ್ ಬದಲಿಸುವವರಿದ್ದಾರೆ, ನಾನು ಮಾಡುವುದಿಲ್ಲ. ಬದಲಿಸಿದರೆ ಮಾತ್ರ ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ, ಒಂಟಿ ಬೇಡ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಗಾಡಿ ಬ್ರೇಕಿನಲ್ಲಿ, ತಿರುವಿನಲ್ಲಿ ಎರಡು ಥರ ನಡೆದುಕೊಳ್ಳುತ್ತದೆ. ಮುಂದಿನ ಜೋಡಿ ಬಿಚ್ಚಿದಾಗ ಮೌಂಟಿಂಗ್, ಬಂಪ್ ಸ್ಟಾಪರ್, ಡಸ್ಟ್ ಕವರ್ ಹೊಸದು ಹಾಕಿಸಿ. ಮಜೂರಿ ಹೇಗೂ ಅಷ್ಟೇ. ನಿಮ್ಮಂಥ ಗಾಡಿಯಲ್ಲಿ ಹಿಂದಿನ ಶಾಕಪ್ ಸಾಮಾನ್ಯವಾಗಿ ಸ್ಪ್ರಿಂಗ್‌ನಿಂದ ಬೇರೆಯೇ ಇರುತ್ತದೆ, ಬದಲಿಸುವುದು ಸುಲಭ, ಖರ್ಚೂ ಕಡಿಮೆ.

ನಿಮ್ಮ ಪಕ್ಕದ ಗ್ಯಾರೇಜಿನ ಸಲಹೆಗೆ ಬರೋಣ. ಆಯಿಲ್ ತುಂಬಿಸುವುದು ಅಂದರೆ ಮುಚ್ಚಿದ ಶಾಕಪ್ಪನ್ನು ಕೊಯ್ದೋ ತೂತು ಹೊಡೆದೋ ಎಣ್ಣೆ ಹಾಕಿ ವೆಲ್ಡ್ ಮಾಡುವುದು. ಒಳಗಿನ ವಾಲ್ವ್, ಸೀಲ್ ಹಳೆಯವೇ. ಗ್ಯಾಸ್ ಇದ್ದ ಶಾಕಪ್ ಆದರೆ ಅದರ ಒತ್ತಡವೂ ಹೋಯಿತು. ಒಂದೆರಡು ತಿಂಗಳು ಗಟ್ಟಿ ಅನ್ನಿಸುತ್ತದೆ, ಆಮೇಲೆ ಮತ್ತೆ ಸೋರುತ್ತದೆ. ಬೇಡ. ಸ್ಪ್ರಿಂಗ್ ನಡುವೆ ಸಿಗಿಸುವ ರಬ್ಬರ್ ಬಳೆಯ ವಿಷಯ ಇನ್ನೂ ಕೆಟ್ಟದ್ದು, ಯಾಕಂದರೆ ಅದು ಕೆಲಸ ಮಾಡಿದ ಹಾಗೆ ಕಾಣುತ್ತದೆ. ಗಾಡಿ ಎತ್ತರವಾಗುತ್ತದೆ, ತಳ ತಾಗುವುದು ಕಡಿಮೆಯಾಗುತ್ತದೆ. ಆದರೆ ಸ್ಪ್ರಿಂಗ್‌ನ ಎರಡು ಸುತ್ತು ಕೆಲಸ ನಿಲ್ಲಿಸಿರುತ್ತವೆ. ಉಳಿದ ಸುತ್ತುಗಳ ಮೇಲೆ ಅಷ್ಟೂ ಭಾರ. ಸವಾರಿ ಒರಟಾಗುತ್ತದೆ, ಪೆಟ್ಟು ಮೌಂಟಿಂಗ್‌ಗೆ ಹೋಗುತ್ತದೆ, ಸ್ಪ್ರಿಂಗೇ ಮುರಿದರೂ ಆಶ್ಚರ್ಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ‘ಟಕ್ ಟಕ್’ಗೂ ಇದಕ್ಕೂ ಸಂಬಂಧವೇ ಇಲ್ಲ.

ಮಾವನವರ ಮಾತು ಪೂರ್ತಿ ತಪ್ಪಲ್ಲ. ಲಿಂಕ್ ರಾಡ್ ಒಂದೇ ಆದರೆ ಕೆಲವು ವಾರ ಹಾಗೇ ಓಡಿಸಿದರೂ ಗಾಡಿ ನಿಲ್ಲುವುದಿಲ್ಲ. ಲಿಂಕ್ ರಾಡೇ ಅಂತ ನೋಡಿ ಖಚಿತ ಮಾಡಿಕೊಳ್ಳದೆ ಸುಮ್ನಿರುವುದರಲ್ಲೇ ಅಪಾಯ.

ಕೆಲಸ ಮಾಡಿಸುವಾಗ ಒಂದು ಸಂಗತಿ ಗಮನಿಸಿ. ಇದನ್ನು ಸರಿಯಾಗಿ ಮಾಡದ ಗ್ಯಾರೇಜುಗಳೇ ಜಾಸ್ತಿ. ಲೋವರ್ ಆರ್ಮ್ ಬುಶ್ ಅಂದರೆ ಒಳಗೊಂದು ಲೋಹದ ಕೊಳವೆ, ಹೊರಗೊಂದು, ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕೊಳವೆ ಆ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಲಿಫ್ಟ್ ಮೇಲೆ ಇದ್ದು ಚಕ್ರ ನೇತಾಡುತ್ತಿರುವಾಗಲೇ ಪಾನಾ ಹಾಕಿ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕೂಡಲೇ ಆರ್ಮ್ ಮೇಲೇರಿ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ನಿಂತಿದ್ದರೂ ತಿರುಚಿಕೊಂಡೇ ಇರುತ್ತದೆ. ಹೊಸ ಬುಶ್ ಬಹಳ ಬೇಗ ಹರಿಯುತ್ತದೆ, ಬೈಗುಳ ಪಾರ್ಟಿಗೆ. ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೇ ಬಿಗಿ ಕೊಡಬೇಕು. ಗಾಡಿಯ ಕೆಳಗೆ ಇಳಿದು ನಿಂತು ಕೆಲಸ ಮಾಡುವ ಗುಂಡಿ ಇರುವ ಗ್ಯಾರೇಜಿನಲ್ಲಿ ಇದು ಕಷ್ಟವೇ ಅಲ್ಲ. ಲಿಫ್ಟ್ ಇದ್ದರೆ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಎತ್ತಿ ಮಾಡಬಹುದು. ‘ಲೋಡ್ ಮೇಲೆ ಟೈಟ್ ಮಾಡ್ತೀರಾ?’ ಅಂತ ಮೊದಲೇ ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಪಾರ್ಟು ಪುಣೆಯ ‘ನಾನಾ ಪೇಟೆ’ ಅನ್ನೋ ಬಡಾವಣೆಯಲ್ಲಿ ಕಡಿಮೆಗೆ ಸಿಗುತ್ತದೆ ಅಂತ ನೀವೇ ತಂದುಕೊಡಬಹುದು. ಶಾಕಪ್, ಬಾಲ್ ಜಾಯಿಂಟ್‌ಗೆ ಮಾತ್ರ ಕಂಪನಿಯದು ಅಥವಾ ಹೆಸರಿರುವ ತಯಾರಕರದ್ದೇ ಇರಲಿ, ಬಿಲ್ ಇರಲಿ. ಡಬ್ಬಿ ಅಸಲಿ, ಒಳಗಿನದು ನಕಲಿ ಅನ್ನುವ ವ್ಯಾಪಾರವೂ ನಡೆಯುತ್ತದೆ. ಬಿಚ್ಚಿದ ಹಳೇ ಪಾರ್ಟನ್ನು ವಾಪಸ್ ಕೇಳಿ ತೆಗೆದುಕೊಳ್ಳಿ. ಶಾಕಪ್ ಬಿಚ್ಚುವ ಕೆಲಸ ಮನೆಯಲ್ಲಿ ಮಾತ್ರ ಬೇಡ. ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಮುಖ ಮೂತಿ ಉಳಿಯುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಬ್ರೇಕ್ ಪರೀಕ್ಷೆ, ಗಾಳಿ. ಆಮೇಲೆ ಸಸ್ಪೆನ್ಶನ್ ಕೆಲಸ ಬಲ್ಲ ಗ್ಯಾರೇಜಿಗೆ ಬರೀ ತಪಾಸಣೆಗೆ ಅಂತ ದುಡ್ಡು ಕೊಟ್ಟು, ಬಾಲ್ ಜಾಯಿಂಟ್, ಟೈ ರಾಡ್, ಬುಶ್, ಲಿಂಕ್ ರಾಡ್ ಎಲ್ಲ ಅಲ್ಲಾಡಿಸಿ ನೋಡುವುದು. ಲಿಂಕ್ ರಾಡ್ ಒಂದೇ ಆಗಿದ್ದರೆ ಜೋಡಿ ಬದಲಿಸಿ. ಮಜೂರಿ ಸೇರಿ ಹೆಚ್ಚುಕಮ್ಮಿ ಒಂದು ಫುಲ್ ಟ್ಯಾಂಕ್ ಪೆಟ್ರೋಲಿನ ಖರ್ಚು. ಹಿಂದೆ ಬಂಪ್ ಸ್ಟಾಪರ್, ಬೇಕಿದ್ದರೆ ಶಾಕಪ್ ಜೋಡಿ. ಕೊನೆಗೆ ಅಲೈನ್‌ಮೆಂಟ್. ಇಷ್ಟಾದರೂ 38,000ದ ಹತ್ತಿರ ಹೋಗುವ ಮಾತೇ ಇಲ್ಲ.

ದೀಪಾವಳಿಗೆ ಹೋಗಬಹುದಾ ಅಂದಿರಿ. ಬಾಲ್ ಜಾಯಿಂಟ್, ಟೈ ರಾಡ್ ಗಟ್ಟಿ ಇದ್ದು, ಶಾಕಪ್ ಸೋರದೆ, ಬರೀ ಲಿಂಕ್ ರಾಡ್ ಶಬ್ದ ಅಂತಾದರೆ ಹೋಗಬಹುದು. ಖಂಬಾಟಕಿ ಘಾಟ್ ನಿಧಾನಕ್ಕೆ ಇಳಿಯಿರಿ. ರಸ್ತೆ ಅಗಲ ಮಾಡುವ ಕೆಲಸದ ಡೈವರ್ಶನ್ ಸಿಕ್ಕಲ್ಲಿ ಸ್ಪೀಡ್ ಇಳಿಸಿ. ಐದು ಜನ, ಸಾಮಾನು ಅಂದರೆ ಹಿಂದಿನ ಟೈರಿಗೆ ಸ್ಟಿಕರ್ ಮೇಲಿನ ಫುಲ್ ಲೋಡ್ ಅಂಕಿಯಷ್ಟು ಗಾಳಿ ಹಾಕಿಸಿ. ಬಾಲ್ ಜಾಯಿಂಟ್‌ನಲ್ಲಿ ಆಟ ಕಂಡರೆ ಮಾತ್ರ ಧಾರವಾಡ ಇರಲಿ, ಹಿಂಜವಡಿಗೂ ಬೇಡ. ಗಾಡಿಯನ್ನು ಆ ಗ್ಯಾರೇಜಿನಲ್ಲೇ ಬಿಟ್ಟು ರಿಕ್ಷಾ ಹಿಡಿದು ಮನೆಗೆ ಹೋಗಿ. ಆರ್ಮ್ ಬದಲಿಸುವುದು ಒಂದು ದಿನದ ಕೆಲಸ, ಪಾರ್ಟು ಸಿಕ್ಕರೆ ಸಂಜೆಗೆ ಗಾಡಿ ಕೈಗೆ ಬರುತ್ತದೆ.